ಚೆಂಡು ನೆಲ ಮುಟ್ಟುವವರೆಗೆ

ಶ್ರೀ

ಜರ್ಸಿ ಸಿಟಿ
೨೦-೧೧-೧೯೮೮

ಚಿರಂಜೀವಿ ಅಶ್ವತ್ಥನಾರಾಯಣನಿಗೆ ಆಶೀರ್ವಾದ.

ನಾನು ಭಾನುಮತಮ್ಮ. ನಂಜನಗೂಡಿನ ಹೈಸ್ಕೂಲು ಹೆಡ್ಮಾಸ್ತರ ಧರ್ಮಪತ್ನಿ. ನನ್ನ ಕಾಲದಲ್ಲಿ ಎಸ್.ಎಸ್.ಎಲ್.ಸಿ.ಯನ್ನು ಒಂದೇ ಸಲಕ್ಕೆ ಪಾಸು ಮಾಡಿದವಳು. ನಿನ್ನ ತಂದೆ ಹೋದ ಮೇಲೆ ಈ ಮನೆತನಕ್ಕೆ ಹಿರಿಯಳು. ನಿನ್ನನ್ನೂ ನಿನ್ನ ತಮ್ಮ ಕೇಶವಮೂರ್ತಿಯನ್ನೂ ಹೆತ್ತವಳು. ನಾನು ಅವನ ಮನೆಗೆ ಬಂದು ಎರಡು ವರ್ಷವಾಯಿತು. ಅಷ್ಟು ದಿನ ನಿನಗೆ ಒಂದಕ್ಷರ ಬರೆಯಲಿಲ್ಲವಾದ್ದರಿಂದ ಮರೆತಿದ್ದೀಯೇನೋ ಎಂದು ಮೊದಲೇ ಹೇಳಿದೆ.

ಈಗ ಬರೆಯುವುದಕ್ಕೂ ಕಾರಣವಿದೆ. ನಿಮ್ಮ ಚಿಕ್ಕಪ್ಪ ಚಂದ್ರಶೇಖರಯ್ಯ ತೀರಿಕೊಂಡ ತಂತಿ ಬಂತು. ಈ ಮನೆಯಲ್ಲೂ ಸೂತಕ ಹಿಡಿದೆವೆಂದು ತಿಳಿಸುವುದು ನನ್ನ ಕರ್ತವ್ಯ. ಅಮೆರಿಕದಲ್ಲಿ ಎಂಥ ಸೂತಕ ಎಂದು ನಗಬೇಡ. ಇಲ್ಲಿಯ ಕನ್ನಡದ ಮನೆಗಳಲ್ಲಿ ಸಾವು, ಹುಟ್ಟು ಏನು ಬಂದರೂ ಕೇಳುವುದು ನನ್ನನ್ನೇ. ಇಲ್ಲೇ ಇರುವ ಧಾರವಾಡದ ಕಮಲವ್ವ ಹೋದ ವಾರ ಫೋನು ಮಾಡಿದ್ದಳು. "ಅವ್ವಾರ, ಊರಾಗ ನಮ್ಮ ಭಾವನೋರು ತೀರ್ಕೊಂಡಾರಂತ್ರೀ. ಕಾಗದ ಇವತ್ತ ಬಂತು. ಏನ್ ಮಾಡ್ಬೇಕ್ರೀ?" ಹೇಳಿದೆ: ಸೂತಕ ನಮಗೆ ತಾಗುವುದು ಸುದ್ದಿ ಕೇಳಿದ ಮೇಲೆ. ಹತ್ತು ದಿನ ಕಳೆದ ಮೇಲೆ ಕೇಳಿದರೆ ಮೂರು ರಾತ್ರಿ. ಸಾವಿನ ಕಾಗದ ಬರೆಯುವವರು ಹೊರಗೇ 'ಅಶುಭ' ಎಂದು ಬರೆಯಬೇಕು. ಅಂಥದ್ದನ್ನು ಒಳಗೆ ತರದೆ ಹೊಸ್ತಿಲಾಚೆಯೇ ಓದಿ, ಹರಿದುಹಾಕಿ, ಸ್ನಾನ ಮಾಡಬೇಕು. ಕಮಲವ್ವ ಹಾಗೆಯೇ ಮಾಡಿದಳು.

ನಮ್ಮ ಮನೆಯಲ್ಲಿ ಮಾತ್ರ ರಂಪವಾಯಿತು. ಕೇಶವನ ಮಗಳು ಮಂದಾಕಿನಿ ಅವಳ ಸ್ಕೂಲಿನ ವಾಲಿಬಾಲ್ ತಂಡದಲ್ಲಿದ್ದಾಳೆ. ಸೂತಕದ ನಡುವೆ ಏನೋ ದೊಡ್ಡ ಪಂದ್ಯ ಬಂತು. ಹೋಗಕೂಡದೆಂದೆ. "ಅಜ್ಜಿ, ನಾನು ಟೆಂಪಲ್‌ಗೆ ಹೋಗ್ತಿಲ್ಲ, ಇಟ್ಸ್ ಜಸ್ಟ್ ಎ ಗೇಮ್!" ಎಂದಳು. "ಒಂದೊಂದು ಪಾಯಿಂಟಿಗೂ ಆರು ಜನ ಸೇರಿ ಅಂಗೈಗೆ ಅಂಗೈ ಹೊಡೀತೀರಿ. ಸೂತಕದ ಕೈನ ಊರಿಗೆಲ್ಲ ಹಂಚ್ತೀಯಾ?" ಎಂದೆ. ಅವಳಿಲ್ಲದೆ ತಂಡ ಸೋತಿತಂತೆ. ಅಂದಿನಿಂದ ನನ್ನೊಡನೆ ಮಾತಿಲ್ಲ. ಬಡಿಸಲು ಹೋದರೆ ತಟ್ಟೆಯನ್ನು ಮೇಜಿನ ಮೇಲಿಟ್ಟು ಹಿಂದೆ ಸರಿಯುತ್ತಾಳೆ, ನನ್ನ ಕೈ ತಾಗದ ಹಾಗೆ.

ಆ ಚೆಂಡನ್ನು ಅವಳ ಕೈಗೆ ಕೊಟ್ಟವನು ನೀನು. ಅದೇ ಚೆಂಡಿಗಾಗಿ, ಸ್ಕೂಲಿನ ಹುಡುಗಿಯರನ್ನು ಪಂದ್ಯಕ್ಕೆ ಕರೆದೊಯ್ಯಬೇಕೆಂದು, ನಿನ್ನ ತಂದೆಯ ಶ್ರಾದ್ಧವನ್ನು ದಕ್ಷಿಣೆ ಕೊಟ್ಟು ಅರ್ಧ ಗಂಟೆಯಲ್ಲಿ ಮುಗಿಸಿದವನೂ ನೀನು. ನಾನು ನಿನ್ನ ಮನೆಯ ಹೊಸ್ತಿಲು ದಾಟಿ ಹೊರಬಂದದ್ದು ಅವತ್ತು. ಹೆಚ್ಚು ಬರೆಯುವುದಿಲ್ಲ.

ಇತಿ,
ಭಾನುಮತಮ್ಮ

*

ಮೈಸೂರು
೮-೧-೧೯೮೯

ಅಮ್ಮನಿಗೆ ಸಾಷ್ಟಾಂಗ ನಮಸ್ಕಾರ.

ನಿನ್ನ ಕಾಗದ ಕಂಡು ನನ್ನ ಮಗ ಜಯರಾಮು, "ಅಜ್ಜಿ ಬೈದಿದ್ದಾರೋ, ಹೊಗಳಿದ್ದಾರೋ?" ಎಂದ. "ಬರೆದಿದ್ದಾರೆ ಕಣೋ, ಅಷ್ಟು ಸಾಕು" ಎಂದೆ.

ಚೆಂಡು ಕೊಟ್ಟವನು ನಾನೇ, ಒಪ್ಪಿದೆ. ಅವರು ಅಮೆರಿಕಕ್ಕೆ ಹೋಗುವ ಮುಂಚೆ, ಮಂದಾಕಿನಿಗೆ ಏಳೋ ಎಂಟೋ ವರ್ಷ. ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ತಂತಿಯ ಆ ಕಡೆ ನಾನು, ಈ ಕಡೆ ಅವಳು, ನಡುವೆ ನಿನ್ನ ಮಡಿಸೀರೆಯೇ ನೆಟ್. ಚೆಂಡು ಸೀರೆಗೆ ತಾಗಿದರೆ ಅವಳಿಗೆ ಪಾಯಿಂಟ್ ಹೋಗುತ್ತಿತ್ತು, ನನಗೆ ನಿನ್ನ ಬೈಗುಳ ಬರುತ್ತಿತ್ತು. ಆ ಪುಟ್ಟ ಬೆರಳುಗಳಲ್ಲಿ ಅವಸರವೇ ಇರಲಿಲ್ಲ, ಅಮ್ಮ. ಮೂವತ್ತು ವರ್ಷದಿಂದ ಹೆಣ್ಣುಮಕ್ಕಳಿಗೆ ಆಟ ಕಲಿಸುತ್ತಿದ್ದೇನೆ. ಅಂಥ ಕೈ ನನ್ನ ಗ್ರೌಂಡಿಗೆ ಮತ್ತೆ ಬರಲಿಲ್ಲ.

ಅವಳು ನನಗೂ ಬರೆದಿದ್ದಾಳೆ, ಇಂಗ್ಲಿಷಿನಲ್ಲಿ. ಕಾಲೇಜಿನಲ್ಲಿ ಆಡಬೇಕಂತೆ. ಪೆನ್ಸಿಲ್ವೇನಿಯಾದ ಒಂದು ಸಣ್ಣ ಕಾಲೇಜಿನ ಕೋಚು ಅವತ್ತಿನ ಪಂದ್ಯಕ್ಕೆ ಅವಳನ್ನೇ ನೋಡಲು ಬಂದು ಹಾಗೆಯೇ ಹಿಂತಿರುಗಿದರಂತೆ. ಬರುವ ಶರತ್ಕಾಲ ಕೊನೆಯ ಅವಕಾಶ. "ಅಜ್ಜಿ ಬಿಡಲ್ಲ, ದೊಡ್ಡಪ್ಪ" ಎಂಬುದೊಂದನ್ನು ಮಾತ್ರ ಕನ್ನಡದಲ್ಲಿ ಬರೆದಿದ್ದಾಳೆ, ದೊಡ್ಡ ದೊಡ್ಡ ಅಕ್ಷರದಲ್ಲಿ.

ಸೂತಕ ಹಿಡಿದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಅವಳನ್ನು ಸ್ವಲ್ಪ ನೋಡು ಎಂದಷ್ಟೇ ಹೇಳುತ್ತೇನೆ.

ನಿನ್ನ ಮಗ,
ಅಶ್ವತ್ಥ

*

ಶ್ರೀ

ಜರ್ಸಿ ಸಿಟಿ
೧೯-೩-೧೯೮೯

ಚಿರಂಜೀವಿ ಅಶ್ವತ್ಥನಿಗೆ ಆಶೀರ್ವಾದ.

ನೋಡು ಎಂದು ನನಗೆ ಬುದ್ಧಿ ಹೇಳುವಷ್ಟು ದೊಡ್ಡವನಾದೆ. ಇರಲಿ. ನೋಡಿದೆ.

ಕೇಶವ ಅವಳಿಗೆ ಕಡಾಖಂಡಿತವಾಗಿ ಹೇಳಿದ್ದಾನೆ, ಬರುವ ವರ್ಷ ಆಟ ಬಂದ್ ಎಂದು. ನ್ಯೂಯಾರ್ಕಿನ ಆಫೀಸಿನಿಂದ ಬಂದು ಟೈ ಸಡಿಲಿಸುತ್ತ ನನ್ನ ಹತ್ತಿರ ಕೂತ. "ಕಾಲೇಜಲ್ಲಿ ಬಾಲ್ ಆಡಿ ಏನ್ ಮಾಡ್ತಾಳಮ್ಮ? ಇಲ್ಲೇ ಮನೆಯಿಂದ ಕಮ್ಯೂಟ್ ಮಾಡ್ಕೊಂಡು ಡಾಕ್ಟರಾಗೋಕೆ ಪ್ರೀ-ಮೆಡ್ ಓದ್ಲಿ. ನೀನು ಒಂದ್ಮಾತು ಬೇಡ ಅಂದುಬಿಡು, ಮುಗೀತು." ನನ್ನ ಮಾತನ್ನು ಅವನು ಕೋಲಿನ ಹಾಗೆ ಹಿಡಿಯಲು ನೋಡುತ್ತಿದ್ದಾನೆ. ನಾನು ಕಾಫಿ ತರಲೆಂದು ಎದ್ದುಹೋದೆ.

ಮೊನ್ನೆ ಕಟ್ಟಡದ ಬೇಸ್ಮೆಂಟಿನಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಕಡೆಯಿಂದ ದಬದಬ ಸದ್ದು ಕೇಳಿ ಇಳಿದುಹೋದೆ. ಇವಳೊಬ್ಬಳೇ ಗೋಡೆಗೆ ಚೆಂಡು ಆಡಿಸುತ್ತಿದ್ದಳು. ಚೆಂಡು ಬೆರಳ ತುದಿಗೆ ಬಂದದ್ದು ಕಾಣುತ್ತದೆ, ಹೋದದ್ದು ಕಾಣುವುದಿಲ್ಲ. ನನ್ನನ್ನು ಕಂಡು ನಿಲ್ಲಿಸಿದಳು.

"ವಾಟ್, ಅಜ್ಜಿ?"

ನಾಲ್ಕು ತಿಂಗಳ ಮೇಲೆ ಆಡಿದ ಮೊದಲ ಮಾತು.

"ಬಟ್ಟೆ ಒಣಗಿತಾ ನೋಡೋಕೆ ಬಂದೆ."

"ಯೂ ನೆವರ್ ಡು ಲಾಂಡ್ರಿ."

"ಇವತ್ತು ಬಂದೆ. ನಿಂದು ಇದರಲ್ಲಿ ಏನು ಕೆಲಸ? ಹೊಡೆಯೋದಾ?"

"ನಾನು ಹೊಡಿಯಲ್ಲ ಅಜ್ಜಿ. ಐ ಜಸ್ಟ್ ಪುಟ್ ಇಟ್ ಅಪ್. ಎತ್ತಿ ಕೊಡ್ತೀನಿ. ಬೇರೆಯವರು ಹೊಡೀತಾರೆ."

"ಹಾಗಾದ್ರೆ ಹೆಸರು?"

"ಅವರಿಗೆ."

ಇದನ್ನು ಹೇಳುವಾಗ ಅವಳ ಮುಖದಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ. ಇದೆಂಥ ಆಟವೆಂದು ವಿವರವಾಗಿ ಬರೆ. ಉಪದೇಶ ಬೇಡ.

ಇತಿ,
ಭಾನುಮತಮ್ಮ

*

ಮೈಸೂರು
೩-೫-೧೯೮೯

ಅಮ್ಮನಿಗೆ ನಮಸ್ಕಾರ.

ಉಪದೇಶವಿಲ್ಲದೆ ಬರೆಯುತ್ತೇನೆ. ಆಚೆಯಿಂದ ಚೆಂಡು ಬರುತ್ತದೆ. ಅದನ್ನು ಕೈಯಲ್ಲಿ ಹಿಡಿಯುವ ಹಾಗಿಲ್ಲ, ಕೆಳಗೆ ಬಿಡುವ ಹಾಗೂ ಇಲ್ಲ. ಮೂರು ಸಲ ಮುಟ್ಟುವುದರೊಳಗೆ ಹಿಂದಕ್ಕೆ ಕಳಿಸಬೇಕು. ನಡುವಿನ ಮುಟ್ಟು ಮಂದಾಕಿನಿಯದು. ನಾವು ಬೂಸ್ಟರ್ ಅನ್ನುತ್ತಿದ್ದೆವು, ಅವರು ಸೆಟ್ಟರ್ ಅನ್ನುತ್ತಾರೆ. ಕೆಟ್ಟದಾಗಿ ಬಂದದ್ದನ್ನೂ ಇನ್ನೊಬ್ಬರು ಹೊಡೆಯಲು ಚೆನ್ನಾಗಿರುವಂತೆ ಎತ್ತಿಕೊಡುವುದು ಅವಳ ಕೆಲಸ. ನೀನು ಅಡುಗೆಮನೆಯಲ್ಲಿ ಜೀವಮಾನವೆಲ್ಲ ಮಾಡಿದ್ದು ಅದನ್ನೇ. ನೋಡು, ಉಪದೇಶ ಬಂದೇಬಿಟ್ಟಿತು.

ನಾನು ಹುಡುಗಿಯರಿಗೆ ಹೇಳುವುದು ಒಂದೇ. ಚೆಂಡು ನೆಲ ಮುಟ್ಟುವವರೆಗೆ ಏನೂ ಮುಗಿದಿಲ್ಲ, ಓಡಿ.

ಕೇಶವ ನನ್ನ ಮಾತು ಕೇಳುವುದಿಲ್ಲ. ನಿನ್ನ ಮಾತು ಮೀರುವುದಿಲ್ಲ. ಆ ಮಗುವಿಗೆ ಇನ್ನು ನೀನೊಬ್ಬಳೇ.

ಈಚೆಗೆ ಸ್ವಲ್ಪ ದಣಿವು. ಗ್ರೌಂಡಿಗೆ ಜಯರಾಮು ಸ್ಕೂಟರಿನಲ್ಲಿ ಬಿಟ್ಟು ಬರುತ್ತಾನೆ.

ನಿನ್ನ ಮಗ,
ಅಶ್ವತ್ಥ

*

ಶ್ರೀ

ಜರ್ಸಿ ಸಿಟಿ
೨೩-೭-೧೯೮೯

ಚಿರಂಜೀವಿ ಅಶ್ವತ್ಥನಿಗೆ ಆಶೀರ್ವಾದ.

ಊಟಕ್ಕೆ ಎಲ್ಲರೂ ಕೂತಿದ್ದಾಗ ಹೇಳಿದೆ, ಮಂದಾಕಿನಿ ಈ ವರ್ಷ ಆಡುತ್ತಾಳೆ ಎಂದು. ಕೇಶವ ಬಾಯಿ ತೆರೆದ. "ತುತ್ತು ನುಂಗಿ ಮಾತಾಡು" ಎಂದೆ. ನುಂಗಿ, ಇನ್ನೊಂದು ತುತ್ತು ಕಲಸಿದ. ಕಿರಿಸೊಸೆ ತಲೆ ತಗ್ಗಿಸಿ ನಕ್ಕಳು. ಆದರೆ ಅವನು ಷರತ್ತು ಹಾಕಿದ್ದಾನೆ: ಮಾರ್ಕು ಇಳಿಯಬಾರದು, ಮನೆಯಲ್ಲಿ ಏನಾದರೂ ತೊಂದರೆ ಬಂದರೆ ಆಟ ಅವತ್ತಿಗೇ ನಿಲ್ಲಬೇಕು. ನವೆಂಬರ್ ಹನ್ನೊಂದು, ಶನಿವಾರ, ದೊಡ್ಡ ಪಂದ್ಯವಿರುತ್ತದಂತೆ. ಆ ಕೋಚಮ್ಮ ಮತ್ತೆ ಬರಲು ಒಪ್ಪಿದ್ದಾರಂತೆ.

ಇದನ್ನು ಬರೆಯುವ ಸಂತೋಷ ನನಗುಳಿಯಲಿಲ್ಲ. ಪಕ್ಕದ ಹೋಬೋಕನ್ನಿನಲ್ಲಿರುವ ನಮ್ಮ ಪರಿಚಯದ ಗಣಪತಿ ರಜೆಗೆ ಮೈಸೂರಿಗೆ ಹೋಗಿ ಬಂದವನು, "ಅಶ್ವತ್ಥಣ್ಣ ಹೇಗಿದ್ದಾರೆ ಈಗ? ಐ.ಸಿ.ಯು.ನಲ್ಲಿ ಇದ್ರಲ್ಲ" ಎಂದು ನನ್ನನ್ನೇ ಕೇಳಿದ. ಕೇಶವ ಅಲ್ಲಿರಲಿಲ್ಲ. ನನ್ನ ಕೈಯಲ್ಲಿ ಕಾಫಿ ಲೋಟವಿತ್ತು. ಬೀಳಲಿಲ್ಲ, ಅಷ್ಟೇ ಹೇಳಬಲ್ಲೆ.

ಸ್ವಲ್ಪ ದಣಿವು ಎಂದು ಬರೆದೆಯಲ್ಲ! ಹೆತ್ತವಳಿಗೆ ಸುಳ್ಳು ಬರೆಯುವುದನ್ನು ಯಾವ ಗ್ರೌಂಡಿನಲ್ಲಿ ಕಲಿತೆ? ನಾನು ಹೊರಟು ಬರುತ್ತೇನೆ. ಟಿಕೆಟ್ಟಿಗೆ ಹೇಳುವ ಮುಂಚೆ ನಿಜ ಏನೆಂದು ಬರೆ.

ಅಮ್ಮ

*

ಮೈಸೂರು
೧೪-೮-೧೯೮೯

ಅಮ್ಮ,

ನಿಜ ಇದು. ಹೃದಯ ದೊಡ್ಡದಾಗಿದೆಯಂತೆ. ಹೃದಯವಂತ ಎಂದು ಯಾರೂ ಹೊಗಳುತ್ತಿಲ್ಲ, ಕಾಯಿಲೆಯದು. ಬೆಂಗಳೂರಿನಲ್ಲಿ ಡಿಸೆಂಬರಿಗೆ ಆಪರೇಷನ್ ಎಂದಿದ್ದಾರೆ. ಅಲ್ಲಿಯವರೆಗೆ ಡಾಕ್ಟರು ಏನನ್ನೂ ಖಚಿತವಾಗಿ ಹೇಳುವುದಿಲ್ಲ.

ನಿನ್ನ ಕಾಲಿಗೆ ಬೀಳುತ್ತೇನೆ, ಈಗ ಬರಬೇಡ. ನೀನು ಹೊರಟರೆ ಕೇಶವನಿಗೆ ಹೇಳಬೇಕಾಗುತ್ತದೆ. ಅವನು ಅವತ್ತೇ ಅವಳ ಆಟ ನಿಲ್ಲಿಸುತ್ತಾನೆ, ನೀನೇ ಬರೆದಿದ್ದೀಯ. ಪಂದ್ಯ ಮುಗಿಸಿ ಬಾ. ಡಿಸೆಂಬರಿನಲ್ಲಿ ನೀನು ಪಕ್ಕದಲ್ಲಿದ್ದರೆ ಸಾಕು.

ಇನ್ನೊಂದು ಮಾತು. ಅಷ್ಟರೊಳಗೆ ನಾನು ಹೋಗಿಬಿಟ್ಟರೆ ಅಮೆರಿಕಕ್ಕೆ ತಂತಿ ಬೇಡ, ಫೋನು ಬೇಡ, ನವೆಂಬರ್ ಹನ್ನೊಂದು ಕಳೆಯುವವರೆಗೆ ಏನೂ ತಿಳಿಸಬೇಡ ಎಂದು ಜಯರಾಮುವಿಗೆ ಹೇಳಿದ್ದೇನೆ. ಕೇಳಿದ ಮೇಲಲ್ಲವೇ ಸೂತಕ? ಶಾಸ್ತ್ರ ನಿನ್ನದೇ. ಹೋದ ವರ್ಷ ಸತ್ತವರಿಗಾಗಿ ಆ ಮಗು ಒಮ್ಮೆ ಪಂದ್ಯ ಕಳೆದುಕೊಂಡಿದೆ. ನನ್ನಿಂದ ಇನ್ನೊಮ್ಮೆ ಬೇಡ.

ಅಶ್ವತ್ಥ

*

ಶ್ರೀ

ಜರ್ಸಿ ಸಿಟಿ
೩-೯-೧೯೮೯

ಅಶ್ವತ್ಥ,

ನೀನು ಹೋಗುವ ಮಾತನ್ನು ಕಾಗದದಲ್ಲಿ ಬರೆಯುವ ಧೈರ್ಯ ಎಲ್ಲಿಂದ ಬಂತು ನಿನಗೆ?

ಮಗ ಇಲ್ಲವೆಂದು ಗೊತ್ತಿಲ್ಲದೆ ನಾನು ಇಲ್ಲಿ ದೇವರಿಗೆ ಹೂವು ಮುಡಿಸಿ ದೀಪ ಹಚ್ಚುತ್ತ, ಒಗ್ಗರಣೆ ಹಾಕುತ್ತ, ಫೋನಿನಲ್ಲಿ ಊರವರಿಗೆಲ್ಲ ನಿಯಮ ಹೇಳುತ್ತ ಇರಬೇಕೇ? ಹೆತ್ತವಳಿಗೆ ತಿಳಿಸಬೇಡ ಎನ್ನುವ ಅಧಿಕಾರ ನಿನಗೂ ಇಲ್ಲ, ಜಯರಾಮುವಿಗೂ ಇಲ್ಲ. ತಿಳಿಸಲೇಬೇಕು. ಇದು ಆಜ್ಞೆ.

ನೀನು ಬರಬೇಡ ಎಂದೆ, ನಾನು ಬರಲಿಲ್ಲ. ಅದೊಂದನ್ನು ಕೇಳಿದೆ. ದಿನವೂ ಟಪಾಲಿನವನು ಬರುವ ಹೊತ್ತಿಗೆ ಕೆಳಗೆ ಬಾಗಿಲಿನ ಹತ್ತಿರ ನಿಂತಿರುತ್ತೇನೆ. ಅವನು "ನಥಿಂಗ್ ಟುಡೇ, ಮ್ಯಾಮ್" ಎಂದರೆ ಉಸಿರು ಬರುತ್ತದೆ. ಮರುಕ್ಷಣ, ಏಕೆ ಏನೂ ಇಲ್ಲ ಎಂದು ಉಸಿರು ಕಟ್ಟುತ್ತದೆ. ಕೇಶವ ಎದುರಿಗೆ ಕೂತು ಉಣ್ಣುತ್ತಾನೆ. ಅವನ ಅಣ್ಣನ ವಿಷಯ ಬಿಟ್ಟು ಬೇರೆ ಮಾತಾಡುತ್ತ ಬಡಿಸುತ್ತೇನೆ. ಮಂದಾಕಿನಿ ಅಭ್ಯಾಸ ಮುಗಿಸಿ ಬಂದು, ಮಂಡಿಯ ಮೇಲೆ ಐಸ್ ಇಟ್ಟುಕೊಂಡು, "ದೊಡ್ಡಪ್ಪ ಏನ್ ಬರೆದ್ರು ಅಜ್ಜಿ?" ಎನ್ನುತ್ತಾಳೆ. ಮೊಣಕೈ ಕೆಳಗಿಡು ಎಂದು ಬರೆದಿದ್ದಾನೆ ಎನ್ನುತ್ತೇನೆ. ಅವಳು ಅದನ್ನೂ ನಂಬಿ ಕೆಳಗಿಡುತ್ತಾಳೆ.

ನೀನು ಬದುಕಿರು. ಅದೂ ಆಜ್ಞೆ.

ಅಮ್ಮ

*

ಮೈಸೂರು
೮-೧೦-೧೯೮೯

ಅಮ್ಮ,

ಮಲಗಿಯೇ ಬರೆಯುತ್ತಿದ್ದೇನೆ, ಅಕ್ಷರಕ್ಕೆ ಬೈಯಬೇಡ. ನೀನೇ ಗೆದ್ದೆ. ತಂತಿ ಇಲ್ಲ, ಫೋನು ಇಲ್ಲ, ಆದರೆ ಕಾಗದ ಬರೆಯುತ್ತಾನೆ ಜಯರಾಮು. ನಿಧಾನವಾಗಿ ಬರಲಿ. ಹೊರಗೆ ಆ ಪದ ಬರೆಯಬೇಕಾ ಎಂದು ಕೇಳಿದ. ಬರೆಯೋ, ಅಜ್ಜಿಯ ನಿಯಮ ಎಂದೆ. ಅಳುತ್ತ ಎದ್ದುಹೋದ, ಹುಚ್ಚು ಮುಂಡೇದು.

ಮಂದಾಕಿನಿಯ ಮೊಣಕೈ ವಿಷಯ ನಾನು ಬರೆದೇ ಇರಲಿಲ್ಲ. ಆದರೆ ನೀನು ಹೇಳಿದ್ದು ಸರಿ, ಕೆಳಗಿಡಬೇಕು. ಎಲ್ಲಿ ಕಲಿತೆ?

ಪಂದ್ಯ ನೋಡಿ ನನಗೆ ಬರೆ. ಪೂರ್ತಿ ಬರೆ.

ಅಶ್ವತ್ಥ

*

ಜರ್ಸಿ ಸಿಟಿ
೧೧-೧೧-೧೯೮೯, ಶನಿವಾರ ಸಂಜೆ

ಚಿರಂಜೀವಿ ಅಶ್ವತ್ಥನಿಗೆ ಆಶೀರ್ವಾದ.

ಪೂರ್ತಿ ಬರೆ ಎಂದಿದ್ದೆ, ಬರೆಯುತ್ತಿದ್ದೇನೆ.

ಗುರುವಾರ ಮಧ್ಯಾಹ್ನ ಮೈಸೂರಿನಿಂದ ನೀಲಿ ಕಾಗದ ಬಂತು. ಟಪಾಲಿನವನು ನಗುತ್ತಲೇ ಕೈಗೆ ಕೊಟ್ಟ. ವಿಳಾಸ ನಿನ್ನ ಅಕ್ಷರದಲ್ಲಿರಲಿಲ್ಲ. ಮೂಲೆಯಲ್ಲಿ ಜಯರಾಮು ಆ ಪದವನ್ನು ಬರೆದಿದ್ದ, ಚಿಕ್ಕದಾಗಿ, ಕಾಣಿಸದಿದ್ದರೆ ಸಾಕು ಎನ್ನುವ ಹಾಗೆ.

ಕಟ್ಟಡದ ಬಾಗಿಲಿನಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ತೆರೆದು ಓದಿದರೆ ಕೇಳಿದ ಹಾಗೆ. ಕಾಗದ ಬರುವಷ್ಟರಲ್ಲಿ ಹತ್ತು ದಿನ ಕಳೆದಿರುತ್ತದೆ, ಕೇಳಿದರೆ ಮೂರು ರಾತ್ರಿ ಇಡೀ ಮನೆಗೆ. ಶನಿವಾರದ ಪಂದ್ಯ ಅದರೊಳಗೇ ಬರುತ್ತದೆ. ಯಾರು ಎಂದು ಹೊರಗೆ ಬರೆದಿಲ್ಲ, ಹೊರಗಿನ ಪದವನ್ನು ಕಂಡರೆ ಸುದ್ದಿ ಕೇಳಿದಂತಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಬೇರೆ ಯಾರಾದರೂ ಇದನ್ನೇ ಫೋನು ಮಾಡಿ ಕೇಳಿದ್ದರೆ ನಾಚಿಕೆಯಾಗುವಂತೆ ಬೈಯುತ್ತಿದ್ದೆ. ಕಾಗದವನ್ನು ನಮ್ಮ ಟಪಾಲು ಪೆಟ್ಟಿಗೆಯೊಳಕ್ಕೆ ತಳ್ಳಿ ಬೀಗ ಹಾಕಿದೆ. ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಮನೆಯವರಿಗೆ ಸೂತಕವಿಲ್ಲ, ಅವರು ಕೇಳಿಲ್ಲ. ನಾನೊಬ್ಬಳೇ ಹಿಡಿದೆ. ಅವತ್ತು ಏಕಾದಶಿ, ಊಟದ ಪ್ರಶ್ನೆ ಬರಲಿಲ್ಲ. ಮರುದಿನ ತುಳಸಿ ಹಬ್ಬ. "ನನಗೆ ಮೈ ಸರಿಯಿಲ್ಲ, ನೀನೇ ಪೂಜೆ ಮಾಡು" ಎಂದು ಕಿರಿಸೊಸೆಗೆ ಹೇಳಿದೆ. ಅವಳು ಹೆದರಿ ಡಾಕ್ಟರಿಗೆ ಫೋನು ಮಾಡಲು ಹೊರಟಳು. ಅವಳು ಹಣತೆ ಹಚ್ಚುವಾಗ ನಾನು ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಕೂತಿದ್ದೆ. ನೀರು ಜೋರಾಗಿ ಬಿದ್ದರೆ ಹೊರಗೆ ಬೇರೇನೂ ಕೇಳಿಸುವುದಿಲ್ಲ.

ಇವತ್ತು ನಾನೂ ಬರುತ್ತೇನೆ ಎಂದಾಗ ಕೇಶವ ಕಾರಿನ ಕೀಲಿ ಕೆಳಗೆ ಬೀಳಿಸಿದ. ಸೀರೆಯ ಮೇಲೆ ಅವನ ಹಳೆಯ ಕೋಟು ಹಾಕಿಕೊಂಡು, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು, ಯಾರನ್ನೂ ಮುಟ್ಟದೆ, ಸ್ಕೂಲಿನ ಆಟದ ಹಾಲಿನ ಮರದ ಮೆಟ್ಟಿಲುಗಳ ತುದಿಯಲ್ಲಿ ಕೂತೆ.

ಮೂರು ಆಟಗಳಲ್ಲಿ ಮೊದಲನೆಯದು ಸೋತರು. ಎರಡನೆಯದು ಗೆದ್ದರು. ಮೂರನೆಯದು ಮುಗಿಯುತ್ತ ಬಂದಾಗ ಒಬ್ಬ ಹುಡುಗಿಯ ಕೈಗೆ ತಾಗಿದ ಚೆಂಡು ಅಡ್ಡಾದಿಡ್ಡಿ ಹಾರಿ ಬೆಂಚಿನ ಕಡೆಗೆ ಹೋಯಿತು. ಎಲ್ಲರೂ ನಿಂತುಬಿಟ್ಟರು. ಮಂದಾಕಿನಿ ಒಬ್ಬಳೇ ಓಡಿದಳು. ಮಂಡಿಯ ಮೇಲೆ ಜಾರಿ, ನೆಟ್ಟಿಗೆ ಬೆನ್ನು ಹಾಕಿ, ನೋಡದೆಯೇ ತಲೆಯ ಮೇಲಿಂದ ಹಿಂದಕ್ಕೆ ಎತ್ತಿಬಿಟ್ಟಳು. ಅದು ನೆಟ್ಟಿನ ಪಕ್ಕದಲ್ಲಿ, ಹೊಡೆಯುವವಳ ಕೈ ಎಲ್ಲಿ ಏಳುತ್ತದೋ ಅಲ್ಲೇ, ಒಂದು ಗಳಿಗೆ ನಿಂತಿತು, ಅಶ್ವತ್ಥ. ನಾನು ನೋಡಿದೆ. ನಿಂತಿತು. ಆ ಹುಡುಗಿ ಹೊಡೆದಳು. ಜನವೆಲ್ಲ ಅವಳ ಹೆಸರು ಕೂಗಿದರು. "ಓಡೇ!" ಎಂದು ನಾನು ಕನ್ನಡದಲ್ಲಿ ಕಿರುಚಿದ್ದೆನೆಂದು ಕೇಶವ ಆಮೇಲೆ ಹೇಳಿದ.

ಗೆದ್ದರು. ಕೋಚಮ್ಮ ಎತ್ತರದ ಹೆಂಗಸು, ನರೆತ ಕೂದಲು. ನೇರ ಕೇಶವನ ಹತ್ತಿರ ಬಂದು, ಬರುವ ವರ್ಷ ಇವಳು ತನ್ನ ತಂಡಕ್ಕೆ ಬೇಕು, ಕಾಲೇಜಿನವರಿಗೆ ತಾನೇ ಬರೆಯುತ್ತೇನೆ ಎಂದಳು. ಕೇಶವ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಥ್ಯಾಂಕ್ಯೂ ಎಂದ.

ಆಮೇಲೆ ಅವಳು ಮೆಟ್ಟಿಲು ಹತ್ತಿ ನನ್ನ ಹತ್ತಿರ ಬಂದಳು. ಬೆವರು, ಮಂಡಿಯಲ್ಲಿ ರಕ್ತ. ಒಂದು ವರ್ಷ ನನ್ನ ಕೈ ತಾಗದ ಹಾಗೆ ಓಡಾಡಿದ ಹುಡುಗಿ, ಅಂಗೈ ಬಿಡಿಸಿ ನನ್ನ ಮುಂದೆ ಹಿಡಿದಳು, ಅವಳ ತಂಡದವರಿಗೆ ಹಿಡಿಯುವ ಹಾಗೆ.

"ಕಮಾನ್, ಅಜ್ಜಿ."

ನನ್ನ ಕೈ ಎಂಥ ಕೈ ಎಂದು ನನಗೆ ಗೊತ್ತಿತ್ತು. ಜೇಬಿನಿಂದ ತೆಗೆದು ಕೊಟ್ಟೆ. ಅಂಗೈ ಚುರ್ ಎಂದಿತು. ಇನ್ನೂ ಉರಿಯುತ್ತಿದೆ.

ಇಲ್ಲಿಯವರೆಗೆ ಬರೆದು ಕೆಳಗೆ ಹೋಗಿ ಬಂದೆ, ಮಗು. ಬೀಗ ತೆಗೆದೆ. ಅಲ್ಲೇ ನಿಂತು ಓದಿದೆ. ಹರಿದುಹಾಕಿದೆ. ತಣ್ಣೀರು ಹಾಕಿಕೊಂಡೆ.

ಎಲ್ಲರನ್ನೂ ಕರೆದು ಹೇಳಿದೆ. ಕೇಶವ ಗೋಡೆಗೆ ಮುಖ ತಿರುಗಿಸಿ ಅತ್ತ. ಮಂದಾಕಿನಿ ಅವನ ಬೆನ್ನ ಮೇಲೆ ಕೈ ಇಟ್ಟು ನಿಂತಳು. ಕೊನೆಗೆ ಕನ್ನಡದಲ್ಲೇ ಕೇಳಿದಳು.

"ಆ ಲೆಟರ್ ಯಾವಾಗ ಬಂತು, ಅಜ್ಜಿ?"

"ಇವತ್ತು" ಎಂದೆ.

ಅವಳು ನನ್ನ ಸೆರಗಿನ ಗಂಟಿನಲ್ಲಿದ್ದ ಕೀಲಿಯನ್ನೇ ನೋಡುತ್ತಿದ್ದಳು. ಮತ್ತೆ ಕೇಳಲಿಲ್ಲ.

ಮೇಲೆ ನಿನ್ನ ಹೆಸರಿನ ಹಿಂದೆ ಚಿರಂಜೀವಿ ಎಂದು ಬರೆದಿದ್ದೇನೆ. ಹೊಡೆದುಹಾಕಿಲ್ಲ. ವಿಳಾಸವನ್ನೂ ನಿನ್ನ ಹೆಸರಿಗೇ ಬರೆದಿದ್ದೇನೆ. ಜಯರಾಮು ಏನು ಬೇಕಾದರೂ ಅಂದುಕೊಳ್ಳಲಿ.

ಇನ್ನೊಂದು ಕೆಲಸವಿತ್ತು, ಅದನ್ನೂ ಮುಗಿಸಿದೆ. ಕಮಲವ್ವನಿಗೆ ಫೋನು ಮಾಡಿ, ಸೂತಕದ ವಿಚಾರ ಇನ್ನು ಮುಂದೆ ನನ್ನನ್ನು ಕೇಳಬೇಡಿ, ಎಲ್ಲರಿಗೂ ಹೇಳಿಬಿಡಿ ಎಂದೆ.

"ಅಯ್ಯ, ಹಂಗ್ಯಾಕಂತೀರ್ರೀ ಅವ್ವಾರ? ನಿಮ್ಮನ್ ಬಿಟ್ಟು ಇನ್ಯಾರನ್ ಕೇಳೋಣ್ರೀ?"

"ಯಾರನ್ನಾದರೂ ಕೇಳಿ" ಎಂದು ಫೋನು ಇಟ್ಟೆ.

ಇತಿ,
ನಿನ್ನ ಅಮ್ಮ